ಮೈನಸ್ ಆರೂವರೆ ನಂಬರ್, ಮುಂದಿನ ತಿಂಗಳು ನಿಶ್ಚಿತಾರ್ಥ. ಕನ್ನಡಕ ತೆಗೆಯದೆ ಮೇಕಪ್ ಮಾಡಿಕೊಳ್ಳುವುದು ಹೇಗೆ?

ಕೋಥ್ರೂಡ್_ಕನ್ನಡತಿ

ಎಲ್ಲರಿಗೂ ನಮಸ್ಕಾರ. ಊರು ಗದಗ, ಕೆಲಸಕ್ಕೆ ಬಂದು ಪುಣೆಯಲ್ಲಿ ಆರು ವರ್ಷ ಆಯಿತು. ಮುಂದಿನ ತಿಂಗಳು ನನ್ನ ನಿಶ್ಚಿತಾರ್ಥ, ಇಲ್ಲೇ ಪುಣೆಯಲ್ಲಿ. ಎರಡೂ ಕಣ್ಣಿಗೆ ಮೈನಸ್ ಆರೂವರೆ ನಂಬರ್. ಐದನೇ ಕ್ಲಾಸಿನಿಂದ ಕನ್ನಡಕ ಹಾಕುತ್ತಿದ್ದೇನೆ. ನಡುವೆ ಎರಡು ವರ್ಷ ಕಾಂಟ್ಯಾಕ್ಟ್ ಲೆನ್ಸ್ ಹಾಕಿದೆ, ಆಮೇಲೆ ಕಣ್ಣು ಒಣಗೋಕೆ ಶುರುವಾಯಿತು, ಸಂಜೆ ಹೊತ್ತಿಗೆ ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ಡಾಕ್ಟರು ಸದ್ಯಕ್ಕೆ ಲೆನ್ಸ್ ಬೇಡ ಅಂದಿದ್ದಾರೆ. ಹಾಗಾಗಿ ದಯವಿಟ್ಟು ಅದನ್ನು ಮಾತ್ರ ಹೇಳಬೇಡಿ.

ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು. "ಅವತ್ತೊಂದಿನ ಕನ್ನಡಕ ತೆಗೆದಿಡು, ಫೋಟೋ ಚೆನ್ನಾಗಿ ಬರುತ್ತೆ." ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೆ ಕನ್ನಡಕ ತೆಗೆದರೆ ನನಗೆ ಒಂದು ಗೇಣು ದೂರದ್ದೂ ಸರಿಯಾಗಿ ಕಾಣುವುದಿಲ್ಲ. ಉಂಗುರ ತೊಡಿಸುವವರ ಮುಖವೇ ಮಸುಕಾಗಿ ಕಂಡರೆ ಆ ದಿನದ್ದು ನನಗೆ ಏನು ನೆನಪಿರುತ್ತದೆ? ನನಗೆ ಅವರ ಮುಖ ನೋಡಬೇಕು. ಅಜ್ಜಿ ಗದಗದಿಂದ ಬರುತ್ತಾಳೆ, ಅವಳು ಮುಂದಿನ ಸಾಲಿನಲ್ಲಿ ಕೂತು ನಗುತ್ತಾಳೋ ಅಳುತ್ತಾಳೋ ಅದನ್ನೂ ನೋಡಬೇಕು.

ಈಗಿರುವ ಕನ್ನಡಕದ ಕಥೆ ಹೇಳುತ್ತೇನೆ. ಹೋದ ವರ್ಷ ಒಂದು ಅಂಗಡಿಯಲ್ಲಿ "ನಿಮ್ಮದು ಗುಂಡು ಮುಖ, ದೊಡ್ಡ ಚೌಕದ ಫ್ರೇಮ್ ಒಪ್ಪುತ್ತದೆ" ಅಂತ ಕೊಟ್ಟರು. ಖಾಲಿ ಫ್ರೇಮ್ ಹಾಕಿ ನೋಡಿದಾಗ ನನಗೂ ಇಷ್ಟವಾಯಿತು. ಗಾಜು ಕೂರಿಸಿ ಕೊಟ್ಟ ಮೇಲೆ ನೋಡಿದರೆ ಅಂಚು ದಪ್ಪ, ಕಣ್ಣು ಎರಡು ಹುಣಸೆ ಬೀಜದಷ್ಟು. ಕೆನ್ನೆಯ ಪಕ್ಕದ ಗೆರೆ ಗಾಜಿನೊಳಗೆ ಕತ್ತರಿಸಿ ಒಳಗೆ ಸರಿದ ಹಾಗೆ ಕಾಣುತ್ತದೆ. ನಕ್ಕರೆ ಫ್ರೇಮ್ ಮೇಲೆ ಹೋಗುತ್ತದೆ. ಕಾಡಿಗೆ ಹಚ್ಚಿದರೆ ಕಣ್ಣು ಇನ್ನೂ ಚಿಕ್ಕದು. ಮಸ್ಕಾರಾ ಹಚ್ಚಿದರೆ ಅರ್ಧ ಗಂಟೆಯಲ್ಲಿ ಗಾಜಿನ ಒಳಗಡೆ ಬಾಚಣಿಗೆ ಹಲ್ಲಿನ ಹಾಗೆ ಕಪ್ಪು ಗೆರೆ.

ಉಡುವುದು ಕಡು ಹಸಿರು ಇಳಕಲ್ ಸೀರೆ, ಕೆಂಪು ಸೆರಗು. ಬಣ್ಣ ಗೋಧಿ ಬಣ್ಣಕ್ಕಿಂತ ಸ್ವಲ್ಪ ಕಪ್ಪು. ಯಾವ ಫ್ರೇಮ್ ತೆಗೆದುಕೊಳ್ಳಲಿ, ಕಣ್ಣಿಗೆ ಏನು ಹಚ್ಚಲಿ? ಹಾಕಿಕೊಂಡು ಅನುಭವ ಇರುವವರು ಹೇಳಿ.

ಮಾಟುಂಗಾ_ಮಲ್ಲಿಗೆ

ತಂಗಿ, ಮೊದಲು ಶುಭಾಶಯ. ಕನ್ನಡಕ ತೆಗೆಯಬೇಡ. ಮೈನಸ್ ಆರೂವರೆ ಅಂದರೆ ಕನ್ನಡಕ ಇಲ್ಲದೆ ಸ್ಪಷ್ಟವಾಗಿ ಕಾಣುವುದು ಹದಿನೈದು ಸೆಂಟಿಮೀಟರ್‌ವರೆಗೆ ಮಾತ್ರ. ಅದರಾಚೆ ಎಲ್ಲ ಮಸುಕು. ತೆಗೆದರೆ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತೀಯ, ಫೋಟೋದಲ್ಲಿ ಅದೇ ಬರುತ್ತದೆ.

ನಾನು ಮುಂಬೈಯಲ್ಲಿ ಒಂದು ಕನ್ನಡಕದ ಅಂಗಡಿಯ ಕೌಂಟರಿನಲ್ಲಿ ಹನ್ನೊಂದು ವರ್ಷ ಇದ್ದವಳು. ನಿನ್ನ ಹಾಗೆ ದೊಡ್ಡ ಫ್ರೇಮ್ ಒಯ್ದು ವಾರದ ಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು ವಾಪಸ್ ಬಂದ ಹುಡುಗಿಯರನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಮುಖ ಗುಂಡೋ ಚೌಕವೋ ಅನ್ನುವುದು ಆಮೇಲಿನ ಮಾತು. ಸೊನ್ನೆ ನಂಬರ್ ಇರುವವರಿಗೆ ಅಷ್ಟು ಸಾಕು. ನಿನ್ನ ನಂಬರಿಗೆ ಮೊದಲು ನೋಡಬೇಕಾದ್ದು, ನಿನ್ನ ಕಣ್ಣಿನ ಪಾಪೆ ಗಾಜಿನ ನಡುವೆ ಬರುತ್ತದೋ ಇಲ್ಲವೋ ಅಂತ.

ಈಗಿನ ಕನ್ನಡಕ ಕೈಗೆ ತಗೋ. ಕಡ್ಡಿಯ ಒಳಮೈಯಲ್ಲಿ ಸಣ್ಣದಾಗಿ ಮೂರು ಸಂಖ್ಯೆ ಇರುತ್ತವೆ. 54, 18, 140 ಅನ್ನುವ ಥರ. ಮೊದಲನೇದು ಒಂದು ಗಾಜಿನ ಅಗಲ. ಎರಡನೇದು ಎರಡು ಗಾಜಿನ ನಡುವೆ ಮೂಗಿನ ಮೇಲಿರುವ ಜಾಗ. ಮೂರನೇದು ಕಡ್ಡಿಯ ಉದ್ದ. ಎಲ್ಲವೂ ಮಿಲಿಮೀಟರ್. ಮೊದಲ ಎರಡನ್ನು ಕೂಡಿಸು, 54 ಮತ್ತು 18 ಆದರೆ 72. ಇನ್ನು ನಿನ್ನ ಎರಡು ಕಣ್ಣಿನ ಪಾಪೆಗಳ ನಡುವಿನ ದೂರ ಎಷ್ಟು ಅಂತ ಅಂಗಡಿಯವರ ಹತ್ತಿರ ಅಳೆಸಿ ಬರೆಸಿಕೊ. ಅದಕ್ಕೆ ಪಿಡಿ ಅನ್ನುತ್ತಾರೆ. ಹೆಂಗಸರಿಗೆ ಸಾಮಾನ್ಯವಾಗಿ 60ರ ಆಚೀಚೆ ಇರುತ್ತದೆ, ನಿನ್ನದು 62 ಅಂತ ಇಟ್ಟುಕೊಳ್ಳೋಣ. 72ರಲ್ಲಿ 62 ಕಳೆದರೆ 10. ಅಂದರೆ ಒಂದೊಂದು ಕಣ್ಣೂ ಗಾಜಿನ ನಡುವಿನಿಂದ 5 ಮಿಲಿಮೀಟರ್ ಮೂಗಿನ ಕಡೆಗೆ ಸರಿದು ನಿಂತಿದೆ. ಮೈನಸ್ ಗಾಜು ನಡುವೆ ತೆಳ್ಳಗೆ, ಅಂಚಿಗೆ ಹೋದಷ್ಟೂ ದಪ್ಪ. ಕಣ್ಣಿನಿಂದ ಹೊರ ಅಂಚು ದೂರವಾದಷ್ಟೂ ದಪ್ಪ ಏರುತ್ತಾ ಹೋಗುತ್ತದೆ, ಅದೂ ಸುಮ್ನೆ ಸ್ವಲ್ಪ ಸ್ವಲ್ಪ ಅಲ್ಲ, ದೂರ ದುಪ್ಪಟ್ಟಾದರೆ ಏರುವ ದಪ್ಪ ನಾಲ್ಕು ಪಟ್ಟು.

ನಿನ್ನ ನಂಬರಿಗೆ ನಾನೇ ಸುಮಾರು ಲೆಕ್ಕ ಹಾಕಿದೆ. 54ರ ಫ್ರೇಮಿಗೆ 1.60 ಇಂಡೆಕ್ಸ್ ಗಾಜು (ಇಂಡೆಕ್ಸ್ ಜಾಸ್ತಿಯಾದಷ್ಟೂ ಗಾಜು ತೆಳ್ಳಗೆ) ಹಾಕಿದರೆ ಹೊರ ಅಂಚು ಆರೂವರೆ ಮಿಲಿಮೀಟರ್ ದಾಟುತ್ತದೆ. ಜಾಸ್ತಿ ದುಡ್ಡು ಕೊಟ್ಟು 1.74 ಹಾಕಿಸಿದರೂ ಐದೂವರೆಗಿಂತ ಕೆಳಗೆ ಬರುವುದಿಲ್ಲ. ಅದೇ 46 – 18ರ ಫ್ರೇಮಿಗೆ ಸಾಧಾರಣ 1.60 ಹಾಕಿದರೂ ನಾಲ್ಕು ಚಿಲ್ಲರೆ. ನೋಡು, ಚಿಕ್ಕ ಫ್ರೇಮ್ ಮಾಡುವ ಕೆಲಸವನ್ನು ದುಬಾರಿ ಗಾಜು ಮಾಡಲಾರದು. ಕೆನ್ನೆಯ ಗೆರೆ ಕತ್ತರಿಸಿದ ಹಾಗೆ ಕಾಣುವುದೂ ಗಾಜು ಕಣ್ಣಿನ ಆಚೆ ತುಂಬಾ ಚಾಚಿಕೊಂಡಿರುವುದರಿಂದಲೇ. 46ರಿಂದ 48ರ ಒಳಗೆ ಗಾಜಿನ ಅಗಲ ಇರುವ ಫ್ರೇಮ್ ಹುಡುಕು. ಗುಂಡಗೆ, ಇಲ್ಲವೇ ಮೂಲೆ ಮೆತ್ತಗೆ ತಿರುಗಿದ ಚೌಕ. "ಚಿಕ್ಕ ಫ್ರೇಮ್ ಹಾಕಿದರೆ ಮುಖ ದೊಡ್ಡದಾಗಿ ಕಾಣುತ್ತದೆ" ಅನ್ನುತ್ತಾರೆ. ಗಾಜು ಚಿಕ್ಕದಿರಲಿ, ಆದರೆ ಕಡ್ಡಿ ಸೇರುವ ಜಾಗ ಸ್ವಲ್ಪ ಹೊರಗೆ ಚಾಚಿದ ಫ್ರೇಮ್ ಸಿಗುತ್ತದೆ, ಅದು ಕಪೋಲದ ಅಗಲಕ್ಕೆ ಸರಿ ಕೂರುತ್ತದೆ. ಅಂಥದನ್ನು ಕೇಳು.

ಮೂಗಿನ ಮೇಲೆ ಎಲ್ಲಿ ಕೂರುತ್ತದೆ ಅದೂ ಮುಖ್ಯ. ಗಾಜು ಕಣ್ಣಿಗೆ ಹತ್ತಿರ ಬಂದಷ್ಟೂ ಕಣ್ಣು ಕಡಿಮೆ ಕುಗ್ಗಿ ಕಾಣುತ್ತದೆ. ನಿನ್ನ ನಂಬರಿಗೆ ಹೊರಗಿನವರಿಗೆ ನಿನ್ನ ಕಣ್ಣು ಎಂಟು ಹತ್ತು ಪರ್ಸೆಂಟ್ ಚಿಕ್ಕದಾಗಿ ಕಾಣುತ್ತದೆ. ಕನ್ನಡಕ ಜಾರಿ ಮೂಗಿನ ತುದಿಗೆ ಬಂದರೆ ಅದು ಇನ್ನೂ ಜಾಸ್ತಿ. ಅದಕ್ಕೇ ಹೇಳುತ್ತೇನೆ, ನಮ್ಮ ಮೂಗಿಗೆ ಬೇಕಾದ ಹಾಗೆ ಬಗ್ಗಿಸಬಹುದಾದ ಪ್ಯಾಡ್ ಇರುವ ಫ್ರೇಮ್ ಒಳ್ಳೆಯದು. ಪ್ಲಾಸ್ಟಿಕ್ಕಿನದ್ದೇ ಬೇಕು ಅಂದರೆ ಅಸಿಟೇಟ್ ತಗೋ, ಅದನ್ನು ಬಿಸಿ ಮಾಡಿ ಕಡ್ಡಿ ಸರಿ ಮಾಡಿಕೊಡುತ್ತಾರೆ. ಅಂಗಡಿಯಲ್ಲಿ ಕನ್ನಡಿ ಮುಂದೆ ಬಾಯಿ ತುಂಬಾ ನಗು. ಕೆನ್ನೆ ಫ್ರೇಮನ್ನು ಎತ್ತಿದರೆ ಅಲ್ಲೇ ಬಿಟ್ಟು ಬಾ. ತಲೆ ಬಗ್ಗಿಸಿ ಚಪ್ಪಲಿ ನೋಡು, ಜಾರಿದರೆ ಅದೂ ಬೇಡ. ನಿಶ್ಚಿತಾರ್ಥದಲ್ಲಿ ಎಷ್ಟು ಸಲ ಬಗ್ಗಿ ನಮಸ್ಕಾರ ಮಾಡಬೇಕು, ಅಲ್ವಾ?

ಇನ್ನೊಂದು. ಪ್ರತಿಫಲನ ತಡೆಯುವ ಕೋಟಿಂಗ್, ಅಂಗಡಿಯಲ್ಲಿ ಎಆರ್ ಅನ್ನುತ್ತಾರೆ, ಅದನ್ನು ಬಿಡಲೇಬೇಡ. ಸಾಧಾರಣ ಗಾಜು ಬಿದ್ದ ಬೆಳಕಿನಲ್ಲಿ 8 ಪರ್ಸೆಂಟ್ ವಾಪಸ್ ಎಸೆಯುತ್ತದೆ, 1.67ರ ತೆಳು ಗಾಜು ಕೋಟಿಂಗ್ ಇಲ್ಲದಿದ್ದರೆ 12 ಪರ್ಸೆಂಟಿನಷ್ಟು. ಆದರೆ ಬ್ಲೂ ಕಟ್, ಅಂದರೆ ನೀಲಿ ಬೆಳಕು ತಡೆಯುವ ಗಾಜು, ಬೇಡ. ಫೋಟೋದಲ್ಲಿ ಗಾಜಿನ ಮೇಲೆ ನೀಲಿ ಹೊಳಪು ಬರುತ್ತದೆ, ಕೆಲವದರಲ್ಲಿ ಕಣ್ಣಿನ ಸುತ್ತ ಹಳದಿ ಛಾಯೆ. ಕಂಪ್ಯೂಟರ್ ನೋಡುವ ಕಣ್ಣಿಗೆ ಆರಾಮ ಅಂತ ಮಾರುತ್ತಾರೆ. 2023ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಸಂಸ್ಥೆ ಕಾಕ್ರೇನ್‌ನವರು 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಣ್ಣಿನ ಆಯಾಸ ಅದರಿಂದ ಕಡಿಮೆಯಾಗುವ ಹಾಗೆ ಕಾಣಲಿಲ್ಲ. ಆ ದುಡ್ಡನ್ನು ಒಳ್ಳೆಯ ಎಆರ್‌ಗೆ ಹಾಕು.

ಬಣ್ಣದ_ಡಬ್ಬಿ

ನಾನು ನಿಗಡಿಯಲ್ಲಿ ಮದುವಣಗಿತ್ತಿಯರ ಮೇಕಪ್ ಮಾಡುತ್ತೇನೆ, ನಮ್ಮದು ಬೆಳಗಾವಿ. ಮೇಲಿನ ಅಕ್ಕ ಗಾಜಿನ ವಿಷಯ ಹೇಳಿದ್ದಾರೆ, ನಾನು ಹಚ್ಚುವುದನ್ನು ಹೇಳುತ್ತೇನೆ.

ಮೊದಲು ಕಾಡಿಗೆ. ಕೆಳಗಿನ ರೆಪ್ಪೆಯ ಒಳಗೆ ಕಪ್ಪು ತುಂಬುವುದನ್ನು ಅವತ್ತೊಂದಿನ ಬಿಟ್ಟುಬಿಡಿ. ನಿಮಗೆ ಬೇಜಾರಾಗುತ್ತದೆ ಅಂತ ಗೊತ್ತು, ನಾವೆಲ್ಲ ತೊಟ್ಟಿಲಲ್ಲಿ ಇದ್ದಾಗಿಂದ ಕಾಡಿಗೆ ಹಚ್ಚಿಸಿಕೊಂಡವರೇ. ಆದರೆ ಕಪ್ಪು ಗೆರೆ ಕಣ್ಣಿಗೆ ಬೇಲಿ ಹಾಕುತ್ತದೆ. ಮೈನಸ್ ಗಾಜು ಮೊದಲೇ ಕುಗ್ಗಿಸಿ ತೋರಿಸುವ ಕಣ್ಣು, ಬೇಲಿ ಹಾಕಿದರೆ ಇನ್ನೂ ಕುಗ್ಗುತ್ತದೆ. ಆ ಜಾಗಕ್ಕೆ ಮೈ ಬಣ್ಣದ ಪೆನ್ಸಿಲ್ ಎಳೆಯಿರಿ. ಬಿಳಿ ಬೇಡ, ಬಿಳಿ ನಮ್ಮ ಬಣ್ಣಕ್ಕೆ ಸುಣ್ಣ ಹಚ್ಚಿದ ಹಾಗೆ ಕಾಣುತ್ತದೆ. ಮೇಲಿನ ರೆಪ್ಪೆಗೆ ಮಾತ್ರ ಕಪ್ಪು, ಅದೂ ಕೂದಲಿನ ಬುಡಕ್ಕೆ ಒತ್ತಿ ತೆಳ್ಳಗೆ, ಹೊರಗಿನ ಕೊನೆಗೆ ಬಂದಾಗ ಚೂರು ದಪ್ಪ ಮಾಡಿ ಮೇಲಕ್ಕೆ ಎತ್ತಿ. ಇನ್ನು ನಿಮಗೆ ಕಣ್ಣು ಒಣಗುವ ತೊಂದರೆ ಇದೆ ಅಂದಿದ್ದೀರಿ. ರೆಪ್ಪೆಯ ಅಂಚಿನಲ್ಲಿ ಸಾಲಾಗಿ ಎಣ್ಣೆ ಗ್ರಂಥಿಗಳಿವೆ, ಕಣ್ಣೀರು ಬೇಗ ಆರದ ಹಾಗೆ ಕಾಯುವುದು ಆ ಎಣ್ಣೆಯೇ. ದಿನಾ ಅಲ್ಲಿ ಕಾಡಿಗೆ ತುಂಬಿದರೆ ಆ ಬಾಯಿ ಮುಚ್ಚುತ್ತದೆ. ಬರೀ ಚಂದದ ಮಾತಲ್ಲ ಇದು. ಆ ಮೈ ಬಣ್ಣದ ಪೆನ್ಸಿಲ್ ಕೂಡ ಅವತ್ತೊಂದಿನಕ್ಕೆ ಮಾತ್ರ, ಅದೂ ಡಾಕ್ಟರನ್ನು ಒಂದು ಮಾತು ಕೇಳಿ.

ಮೇಲಿನ ರೆಪ್ಪೆಯ ಮೇಲೆ ತಿಳಿ ಬಣ್ಣ. ನಿಮ್ಮ ಬಣ್ಣಕ್ಕೆ ತಾಮ್ರ, ಹಣ್ಣಾದ ಪೀಚ್, ತಿಳಿ ಚಿನ್ನ ಚೆನ್ನಾಗಿ ಕೂರುತ್ತವೆ. ಸ್ವಲ್ಪ ಹೊಳಪು ಇದ್ದರೆ ಗಾಜಿನ ಹಿಂದಿನಿಂದಲೂ ಕಣ್ಣು ಮುಂದಕ್ಕೆ ಬರುತ್ತದೆ. ಮೂಗಿನ ಕಡೆಯ ಮೂಲೆಗೆ ಬೆರಳ ತುದಿಯಲ್ಲಿ ಒಂದು ಚುಕ್ಕೆ ತಿಳಿ ಚಿನ್ನ ಇಡಿ, ಅದೊಂದು ಚುಕ್ಕೆ ಮಾಡುವ ಕೆಲಸ ನೋಡಿ ನನಗೇ ಪ್ರತಿ ಸಲ ಖುಷಿಯಾಗುತ್ತದೆ. ಹಸಿರು ಸೀರೆ ಅಂತ ಹಸಿರು ಬಣ್ಣ ಹಚ್ಚಬೇಡಿ.

ಮಸ್ಕಾರಾ ಗಾಜಿಗೆ ಯಾಕೆ ಮೆತ್ತಿಕೊಳ್ಳುತ್ತದೆ? ರೆಪ್ಪೆ ಕೂದಲಿನ ತುದಿ ಗಾಜಿಗೆ ತಾಗುತ್ತದೆ, ಅದಕ್ಕೆ. ಮೊದಲು ಕರ್ಲರ್‌ನಲ್ಲಿ ಹತ್ತು ಎಣಿಸುವವರೆಗೆ ಒತ್ತಿ ಹಿಡಿದು ಮೇಲಕ್ಕೆ ಬಾಗಿಸಿ. ಇದನ್ನು ಮಸ್ಕಾರಾ ಹಚ್ಚುವ ಮೊದಲೇ ಮಾಡಬೇಕು, ಹಚ್ಚಿದ ಮೇಲೆ ಒತ್ತಿದರೆ ಕೂದಲು ಮುರಿಯುತ್ತದೆ. ಆಮೇಲೆ ಕುಂಚವನ್ನು ಬುಡದಲ್ಲಿ ಅತ್ತಿತ್ತ ಆಡಿಸಿ ಅಲ್ಲೇ ಬಣ್ಣ ಬಿಡಿ, ತುದಿಗೆ ಬರೀ ಸವರಿದಷ್ಟು ಸಾಕು. ಉದ್ದ ಮಾಡುವ ಮಸ್ಕಾರಾ ನಿಮಗೆ ಬೇಡ, ದಟ್ಟ ಮಾಡುವುದು ಬೇಕು. ಟ್ಯೂಬಿಂಗ್ ಮಸ್ಕಾರಾ ಅಂತ ಸಿಗುತ್ತದೆ, ಒಂದೊಂದು ಕೂದಲಿಗೂ ಕೊಳವೆ ಹಾಕಿದ ಹಾಗೆ ಒಣಗುತ್ತದೆ, ಬೆವರು ಕಣ್ಣೀರಿಗೆ ಹರಡುವುದಿಲ್ಲ, ರಾತ್ರಿ ಬೆಚ್ಚಗಿನ ನೀರಿಗೆ ಕಳಚಿ ಬರುತ್ತದೆ. ಅಳುವ ಹುಡುಗಿಯರಿಗೆ ನಾನು ಅದನ್ನೇ ಹಚ್ಚುವುದು. ಅಂಟಿಸುವ ರೆಪ್ಪೆ ಬೇಡವೇ ಬೇಡ, ಅದು ಇಡೀ ದಿನ ಗಾಜು ಒರೆಸುತ್ತಾ ಕೂರುತ್ತದೆ.

ಮೂಗಿನ ಮೇಲೆ ಪ್ಯಾಡ್ ಕೂರುವ ಜಾಗದಲ್ಲಿ ಫೌಂಡೇಶನ್ ಬಹುತೇಕ ಹಚ್ಚಬೇಡಿ. ಬೆರಳಲ್ಲಿ ಉಳಿದದ್ದನ್ನು ಒತ್ತಿದರೆ ಸಾಕು. ಒಂದು ನಿಮಿಷ ಬಿಟ್ಟು ಟಿಶ್ಯೂ ಒತ್ತಿ ಎಣ್ಣೆ ತೆಗೆಯಿರಿ, ಮೇಲೆ ಚೂರು ಪುಡಿ. ಕ್ರೀಮ್ ಜಾಸ್ತಿ ಆದರೆ ಕನ್ನಡಕ ಜಾರುತ್ತದೆ, ತೆಗೆದಾಗ ಎರಡು ಕಡೆ ಅಂಡಾಕಾರದ ಗುರುತು ಬೀಳುತ್ತದೆ. ಸೆಟ್ಟಿಂಗ್ ಸ್ಪ್ರೇ, ಹೇರ್ ಸ್ಪ್ರೇ, ಸೆಂಟು ಎಲ್ಲಾ ಮುಗಿದು ಪೂರ್ತಿ ಒಣಗಿದ ಮೇಲೆಯೇ ಕನ್ನಡಕ.

ಹುಬ್ಬಿನ ಬಗ್ಗೆ ಒಂದು ಮಾತು. ಫ್ರೇಮಿನ ಮೇಲಂಚು ಹುಬ್ಬನ್ನು ಮುಚ್ಚಬಾರದು, ಹುಬ್ಬು ಅದರ ಮೇಲೆ ಪೂರ್ತಿ ಕಾಣಬೇಕು. ಫ್ರೇಮಿಗೆ ಒಂದು ಗೆರೆ, ಹುಬ್ಬಿಗೆ ಒಂದು ಗೆರೆ ಬೇರೆ ಬೇರೆ ದಿಕ್ಕಿಗೆ ಹೋದರೆ ಮುಖ ಸಿಟ್ಟಿನಲ್ಲಿರುವ ಹಾಗೆ ಕಾಣುತ್ತದೆ.

ತುಟಿಗೆ ಸೆರಗಿನ ಕೆಂಪು ಹಚ್ಚಿ, ಧೈರ್ಯವಾಗಿ. ಕನ್ನಡಕದವರಿಗೆ ಗಾಢ ತುಟಿ ತುಂಬಾ ಒಪ್ಪುತ್ತದೆ.

ಠಾಣೆ_ಕ್ಯಾಮೆರಾ

ಮದುವೆ ಫೋಟೋ ತೆಗೆಯುವವನು ನಾನು. ನಿಮ್ಮ ಫೋಟೋಗ್ರಾಫರಿಗೆ ಮೊದಲೇ ಫೋನ್ ಮಾಡಿ "ನಾನು ಕನ್ನಡಕ ಹಾಕುತ್ತೇನೆ" ಅಂತ ಹೇಳಿ. ಅಷ್ಟೇ ಸಾಕು, ಗೊತ್ತಿರುವವರು ಲೈಟನ್ನು ಎತ್ತರಕ್ಕೆ, ಸ್ವಲ್ಪ ಪಕ್ಕಕ್ಕೆ ಇಡುತ್ತಾರೆ. ಗಾಜಿಗೆ ನೇರ ಎದುರು ಬಂದ ಬೆಳಕು ನೇರ ಕ್ಯಾಮೆರಾಕ್ಕೇ ವಾಪಸ್ ಬರುತ್ತದೆ, ಮೇಲಿನಿಂದ ಬಂದದ್ದು ಕೆಳಗೆ ಹೋಗುತ್ತದೆ. ಒಂಟಿ ಫೋಟೋ ತೆಗೆಯುವಾಗ ಕಡ್ಡಿಯ ಹಿಂದಿನ ತುದಿಯನ್ನು ಕಿವಿಯಿಂದ ಎರಡು ಮೂರು ಮಿಲಿಮೀಟರ್ ಎತ್ತಿ ಕೂರಿಸಿ, ಕೂದಲು ಅದನ್ನು ಮುಚ್ಚುತ್ತದೆ. ಗಾಜು ಚೂರು ಕೆಳಗೆ ಬಾಗುತ್ತದೆ, ಹೊಳಪು ಮಾಯ.

ಕೆಲವರು ಗಾಜು ತೆಗೆಸಿ ಖಾಲಿ ಫ್ರೇಮ್ ಹಾಕಿಕೊಂಡು ನಿಲ್ಲುತ್ತಾರೆ. ನಿಮ್ಮ ಪ್ರಶ್ನೆ ಓದಿದ ಮೇಲೆ ಅದನ್ನು ನಾನು ಹೇಳುವುದಿಲ್ಲ. ಅಜ್ಜಿ ಮುಖ ನೋಡಿ.

ಬಿಸಿಲಿಗೆ ಕಪ್ಪಾಗುವ ಗಾಜು ಹಾಕಿಸಬೇಡಿ. ಬೆಳಗಿನ ಕಾರ್ಯಕ್ರಮ, ಹೊರಗೆ ಬಯಲಲ್ಲಿ ಫೋಟೋ ಅಂದರೆ ಎಲ್ಲದರಲ್ಲೂ ಕಪ್ಪು ಕನ್ನಡಕ ಹಾಕಿದ ಹಾಗೆ ಬರುತ್ತದೆ. ಒಂದು ಮದುವೆಯಲ್ಲಿ ಮದುಮಗನಿಗೆ ಹೀಗೆ ಆಗಿ ಅರ್ಧ ಆಲ್ಬಮ್ಮಿನಲ್ಲಿ ಅವನ ಕಣ್ಣೇ ಇಲ್ಲ, ನನಗೆ ಇವತ್ತಿಗೂ ಬೇಸರ.

ಮಡಗಾಂವ್_ಟೀಚರ್

ನನ್ನದು ಉಲ್ಟಾ ಕಥೆ, ಪ್ಲಸ್ ಮೂರು, ಮೇಲೆ ಚಾಳೀಸು. ನಂಬರ್ ಪ್ಲಸ್ ಇರುವವರು ಮೇಲಿನ ಸಲಹೆಯನ್ನು ಹಾಗೇ ಪಾಲಿಸಬಾರದು ಅಂತ ಹೇಳೋಕೆ ಬರೆಯುತ್ತಿದ್ದೇನೆ. ನಮ್ಮ ಗಾಜು ಕಣ್ಣನ್ನು ದೊಡ್ಡದು ಮಾಡಿ ತೋರಿಸುತ್ತದೆ, ಜೊತೆಗೆ ಹಚ್ಚಿದ್ದರಲ್ಲಿ ಇರುವ ಒಂದೊಂದು ತಪ್ಪನ್ನೂ ದೊಡ್ಡದು ಮಾಡುತ್ತದೆ. ಮಸ್ಕಾರಾ ಗಂಟು ಕಟ್ಟಿದ್ದರೆ, ರೆಪ್ಪೆಯ ಮಡಿಕೆಯಲ್ಲಿ ಬಣ್ಣ ಕೂತಿದ್ದರೆ, ಎದುರಿನವರಿಗೆ ಮೊದಲು ಅದೇ ಕಾಣುವುದು. ನಾವು ಹೊಳಪಿಲ್ಲದ, ಸ್ವಲ್ಪ ಗಾಢ ಕಂದು ಬಣ್ಣ ಹಚ್ಚಿ ಚೆನ್ನಾಗಿ ತೀಡಬೇಕು. ಕೆಳರೆಪ್ಪೆಗೆ ಕಾಡಿಗೆಯ ಎಳೆ ನಮಗೆ ಒಪ್ಪುತ್ತದೆ. ಹಾಗಾಗಿ ನಾನು ಹಚ್ಚುತ್ತೇನೆ. ಆದರೆ ದೀಪದ ಮಸಿಗೆ ಹರಳೆಣ್ಣೆ ಕಲಸಿದ ಮನೆ ಕಾಡಿಗೆ ಗೋವಾದ ಸೆಕೆಗೆ ಒಂದು ಗಂಟೆ ನಿಲ್ಲುವುದಿಲ್ಲ, ಕೆನ್ನೆಗೆ ಇಳಿದು ಫ್ರೇಮಿನ ಕೆಳ ಅಂಚಿಗೆ ಹತ್ತುತ್ತದೆ.

ದೊಡ್ಡ ಕಷ್ಟ ಏನೆಂದರೆ ಕನ್ನಡಕ ತೆಗೆದರೆ ನನಗೆ ಕನ್ನಡಿಯಲ್ಲಿ ನನ್ನ ಕಣ್ಣೇ ಕಾಣುವುದಿಲ್ಲ, ಹಚ್ಚುವುದು ಹೇಗೆ? ಒಂದೇ ಗಾಜು ಇರುವ, ಆ ಕಡೆಯಿಂದ ಈ ಕಡೆಗೆ ತಿರುಗುವ ಮೇಕಪ್ ಕನ್ನಡಕ ಸಿಗುತ್ತದೆ. ಒಂದು ಕಣ್ಣಿಂದ ನೋಡುತ್ತಾ ಇನ್ನೊಂದಕ್ಕೆ ಹಚ್ಚಬಹುದು. ನಾನು ಮೂರು ವರ್ಷದಿಂದ ಅದನ್ನೇ ಬಳಸುತ್ತಿದ್ದೇನೆ.

ಮಗಳೇ, ನಿನಗೆ ಒಂದೇ ಮಾತು. ಎಸಿ ಹಾಲಿನಿಂದ ಹೊರಗಿನ ಸೆಕೆಗೆ ಬಂದ ಕೂಡಲೇ ಗಾಜು ಮಂಜಾಗುತ್ತದೆ. ಒರೆಸೋಕೆ ಹೋಗಬೇಡ, ಒರೆಸಿದರೆ ಕಣ್ಣಿನ ಪಕ್ಕದ ಬಣ್ಣ ಎಲ್ಲ ಎಳೆದು ಬರುತ್ತದೆ. ಅರ್ಧ ನಿಮಿಷ ನಿಂತರೆ ತಾನೇ ಹೋಗುತ್ತದೆ. ಪುಣೆಯಲ್ಲಿ ಇಷ್ಟು ಸೆಕೆ ಇರಲಿಕ್ಕಿಲ್ಲ, ಆದರೂ ನೆನಪಿರಲಿ.

ಡೊಂಬಿವಲಿ_ವಾಸಿ

ಗಿಲೀಟು ಓಲೆ ಹಾಕಿದರೆ ಕಿವಿ ತುರಿಸುವವರು ಮೆಟಲ್ ಫ್ರೇಮ್ ತೆಗೆದುಕೊಳ್ಳುವಾಗ ಹುಷಾರು. ನನಗೆ ಕಿವಿ ಹಿಂದೆ, ಕೆನ್ನೆ ಮೇಲೆ ಕೆಂಪು ಗಂಧೆ ಎದ್ದವು. ಎಷ್ಟೋ ದಿನ ಹೊಸ ಕ್ರೀಮಿನ ತಪ್ಪು ಅಂದುಕೊಂಡಿದ್ದೆ. ಚರ್ಮದ ಡಾಕ್ಟರು ನೋಡಿ ಫ್ರೇಮಿನಲ್ಲಿರುವ ನಿಕ್ಕಲ್‌ನಿಂದ ಅಂದರು. ಟೈಟಾನಿಯಂಗೆ ಬದಲಾಯಿಸಿದೆ, ಹದಿನೈದು ದಿನದಲ್ಲಿ ಚರ್ಮ ತಿಳಿಯಾಯಿತು. ಅಸಿಟೇಟ್ ಆದರೂ ಸರಿ.

ಮೂಗಿನ ಪ್ಯಾಡ್ ಸುತ್ತ ಹಸಿರು ಕಟ್ಟುತ್ತದೆ ನೋಡಿ, ಅದು ಬೆವರಿಗೆ ಲೋಹದಲ್ಲಿರುವ ತಾಮ್ರ ತಿರುಗಿದ್ದು, ಮೇಲೆ ನಮ್ಮ ಫೌಂಡೇಶನ್ ಕೂತು ಗಟ್ಟಿಯಾಗುತ್ತದೆ. ಸಮಾರಂಭಕ್ಕೆ ಮುಂಚೆ ಪ್ಯಾಡ್ ಬದಲಾಯಿಸಿಕೊಳ್ಳಿ, ಅಂಗಡಿಯಲ್ಲಿ ಐದು ನಿಮಿಷದ ಕೆಲಸ. ತೊಳೆಯೋಕೆ ತಣ್ಣೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಬೆರಳಲ್ಲೇ ಉಜ್ಜಿ. ಸೆರಗಲ್ಲಿ ಒಣಗಾಜು ಒರೆಸಿದರೆ ಜರಿ ಗೀರು ಬೀಳುತ್ತದೆ. ನೇಲ್ ಪಾಲಿಶ್ ತೆಗೆಯುವ ನೀರು ಫ್ರೇಮಿನ ಹತ್ತಿರವೂ ಬರಬಾರದು, ಅದರ ಅಸಿಟೋನ್ ಪ್ಲಾಸ್ಟಿಕ್ ಫ್ರೇಮನ್ನು ಕರಗಿಸುತ್ತದೆ.

ಕೋಥ್ರೂಡ್_ಕನ್ನಡತಿ

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಓದುತ್ತಾ ಓದುತ್ತಾ ಕಣ್ಣು ತುಂಬಿ ಬಂತು, ಯಾರೂ "ತೆಗೆದುಬಿಡು" ಅನ್ನಲಿಲ್ಲ.

ಮಾಟುಂಗಾ ಅಕ್ಕ, ಹಳೇದರ ಕಡ್ಡಿ ನೋಡಿದೆ. ನೀವು ಊಹಿಸಿ ಬರೆದ ಹಾಗೇ 54 – 18! ಶನಿವಾರ ಲಕ್ಷ್ಮೀ ರೋಡ್ ಕಡೆ ಹೋಗಿ ಮೊದಲು ಪಿಡಿ ಅಳೆಸಿದೆ, 61 ಬಂತು. ಮೂರು ಅಂಗಡಿ ಸುತ್ತಿದೆ. ಎರಡನೇ ಅಂಗಡಿಯವರಿಗೆ "46 ಅಥವಾ 47, ಕೂಡಿಸಿದರೆ 65 ಮೀರಬಾರದು" ಅಂದೆ, ಅವರು ಒಂದು ಕ್ಷಣ ನೋಡಿ ಒಳಗಿನ ಟ್ರೇ ತಂದರು. ಕೊನೆಗೆ ಎರಡು ಉಳಿದಿವೆ. ಒಂದು ಸಪೂರ ಚಿನ್ನದ ಬಣ್ಣದ ಲೋಹದ್ದು, 47 – 18. ಇನ್ನೊಂದು ಜೇನಿನ ಬಣ್ಣದ ಅಸಿಟೇಟ್, 46 – 19. ಎರಡನ್ನೂ ಹಾಕಿ ನಕ್ಕೆ, ಬಗ್ಗಿದೆ, ಅಂಗಡಿಯ ಬಾಗಿಲಿಗೆ ಬಂದು ಬಿಸಿಲಲ್ಲಿ ನಿಂತು ನೋಡಿದೆ. ಯಾವುದು ತೆಗೆದುಕೊಳ್ಳಲಿ? ಒಡವೆ ಎಲ್ಲ ಚಿನ್ನದ್ದೇ, ಜುಮುಕಿ, ಮೂಗುಬೊಟ್ಟು, ಜಡೆಗೆ ಮಲ್ಲಿಗೆ.

ಇನ್ನೊಂದು ಚಿಕ್ಕ ಪ್ರಶ್ನೆ. ಬೊಟ್ಟು ಎಲ್ಲಿಡಲಿ? ಹುಬ್ಬಿನ ನಡುವೆ ಇಟ್ಟರೆ ಫ್ರೇಮಿನ ಸೇತುವೆಗೆ ತಾಗಿದ ಹಾಗೆ ಕಾಣುತ್ತದೆ.

ಮಾಟುಂಗಾ_ಮಲ್ಲಿಗೆ

ಎರಡೂ ಕೂಡಿಸಿದರೆ 65, ಎರಡರಲ್ಲೂ ಕಣ್ಣು ಬರೀ 2 ಮಿಲಿಮೀಟರ್ ಸರಿದಿರುತ್ತದೆ. ಬಲು ಒಳ್ಳೆಯದು ಆರಿಸಿದ್ದೀಯ. ನನ್ನ ಮನಸ್ಸು ಜೇನಿನ ಬಣ್ಣದ ಕಡೆಗೆ. ಅಸಿಟೇಟ್ ಫ್ರೇಮಿನ ದಪ್ಪವೇ ಗಾಜಿನ ಅಂಚನ್ನು ಮುಚ್ಚುತ್ತದೆ, ಸಪೂರ ಲೋಹದ್ದರಲ್ಲಿ ನಾಲ್ಕು ಮಿಲಿಮೀಟರ್ ಅಂಚು ಹಿಂದಕ್ಕೆ ಚಾಚಿ ಪಕ್ಕದಿಂದ ಕಾಣುತ್ತದೆ. ಪಕ್ಕದ ಫೋಟೋಗಳು ಜಾಸ್ತಿ ಇರುತ್ತವೆ ಅಲ್ವಾ, ಉಂಗುರ ತೊಡಿಸುವಾಗ ಇಬ್ಬರೂ ಎದುರು ಬದರು ತಾನೇ. ಆದರೆ ಅದರಲ್ಲಿ ಪ್ಯಾಡ್ ಬಗ್ಗಿಸಲು ಬರುವುದಿಲ್ಲ, ಸೇತುವೆ ಮೂಗಿಗೆ ಹಾಗೇ ಸರಿ ಕೂತರೆ ಮಾತ್ರ ತಗೋ. ಹತ್ತು ನಿಮಿಷ ಹಾಕಿಕೊಂಡು ಅಂಗಡಿಯಲ್ಲೇ ಓಡಾಡು, ಕಿವಿ ಹಿಂದೆ ಒತ್ತುತ್ತದೋ ನೋಡು. ಈ ನಂಬರಿನ ಗಾಜು ತಯಾರಾಗಿ ಬರಲು ದಿನ ಹಿಡಿಯುತ್ತದೆ, ಇದೇ ವಾರ ಆರ್ಡರ್ ಕೊಡು. ಬಂದ ಮೇಲೆ ದಿನಾ ಹಾಕಿ ಅಭ್ಯಾಸ ಮಾಡಿಕೊ. ನಿಶ್ಚಿತಾರ್ಥದ ದಿನವೇ ಹೊಸದು ಹಾಕಿದರೆ ತಲೆ ಭಾರ.

ಬಣ್ಣದ_ಡಬ್ಬಿ

ಬಣ್ಣದ ದೃಷ್ಟಿಯಿಂದ ನಾನು ಚಿನ್ನದ್ದು ಅನ್ನುತ್ತಿದ್ದೆ, ಒಡವೆಯ ಜೊತೆ ಒಂದಾಗಿ ಹೋಗುತ್ತದೆ. ಆದರೆ ಅಂಚಿನ ಮಾತು ಕೇಳಿದ ಮೇಲೆ ಜೇನಿನದ್ದೇ ಸರಿ. ನಿಮ್ಮ ಮೈ ಬಣ್ಣಕ್ಕೆ ಬರೀ ಕಪ್ಪು ಫ್ರೇಮಿಗಿಂತ ಇದು ಎಷ್ಟೋ ಬೆಚ್ಚಗೆ ಕಾಣುತ್ತದೆ.

ಬೊಟ್ಟು ಹುಬ್ಬಿನ ಸಾಲಿಗಿಂತ ಅರ್ಧ ಬೆರಳು ಮೇಲೆ, ಸ್ವಲ್ಪ ಚಿಕ್ಕದು, ಉದ್ದನೆಯದಲ್ಲ, ದುಂಡಗಿನದು. ಕನ್ನಡಕ ಹಾಕಿಕೊಂಡ ಮೇಲೆ ಇಡಿ, ಮೊದಲೇ ಅಲ್ಲ. ಹಾಗೇ ಜಡೆಯ ಪಿನ್ನು ಕಿವಿಯ ಮೇಲ್ಭಾಗದಲ್ಲಿ ಹಾಕಿಸಬೇಡಿ, ಕಡ್ಡಿ ಅದರ ಮೇಲೆ ಹತ್ತಿ ಕನ್ನಡಕ ಓರೆಯಾಗುತ್ತದೆ. ಜುಮುಕಿಯ ಮಾಟಿ ಕಿವಿ ಸುತ್ತಿ ಹೋಗುವುದಾದರೆ ಕಡ್ಡಿ ಮೊದಲು, ಮಾಟಿ ಅದರ ಮೇಲೆ.

ಹೊಸ ಕನ್ನಡಕ ಬಂದ ಮೇಲೆ ಒಂದು ಸಲ ಪೂರ್ತಿ ಮೇಕಪ್ ಹಾಕಿ ನೋಡಿ. ನಿಮ್ಮ ಮೇಕಪ್ ಮಾಡುವವರಿಗೆ ಹೇಳಿ, ಐದೈದು ನಿಮಿಷಕ್ಕೆ ಕನ್ನಡಕ ಹಾಕಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಬೇಕು ಅಂತ.

ಕೋಥ್ರೂಡ್_ಕನ್ನಡತಿ

ಜೇನಿನದ್ದು ಆರ್ಡರ್ ಕೊಟ್ಟೆ. 1.67, ಎಆರ್ ಇದೆ, ಬ್ಲೂ ಕಟ್ ಇಲ್ಲ. ಸೇತುವೆ ಸರಿ ಕೂತಿದೆ, ನಕ್ಕರೂ ಏಳುವುದಿಲ್ಲ. ಹಳೇ ಕನ್ನಡಕ ಹಾಕಿಕೊಂಡೇ ಇವತ್ತು ಮೂಲೆಗೆ ತಿಳಿ ಚಿನ್ನದ ಚುಕ್ಕೆ ಇಟ್ಟು ನೋಡಿದೆ, ಕೆಳಗೆ ಕಾಡಿಗೆ ಇಲ್ಲದೆ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನೆ ನೋಡಿ "ಏನು ಹಚ್ಚಿದೀ ಕಣ್ಣಿಗೆ?" ಅಂದಳು, ಕನ್ನಡಕದ ಮಾತೇ ಎತ್ತಲಿಲ್ಲ.

ಠಾಣೆ ಅಣ್ಣ, ನಮ್ಮ ಹಾಲಿನಲ್ಲಿ ಕೂರುವ ಜಾಗದ ಎದುರಿಗೇ ದೊಡ್ಡ ಕಿಟಕಿ ಇದೆ. ಅದರ ಬೆಳಕು ಗಾಜಿನಲ್ಲಿ ಕಾಣುತ್ತದಾ?

ಠಾಣೆ_ಕ್ಯಾಮೆರಾ

ಕಾಣುತ್ತದೆ, ಚೌಕಾಕಾರವಾಗಿ ಎರಡೂ ಗಾಜಿನಲ್ಲಿ. ಬಿಳಿ ತೆಳು ಪರದೆ ಎಳೆಸಿ, ಇಲ್ಲವಾದರೆ ನೀವು ಕೂರುವ ಕುರ್ಚಿಯನ್ನೇ ಕಿಟಕಿಗೆ ಓರೆಯಾಗಿ ತಿರುಗಿಸಿ. ಹಿಂದಿನ ದಿನ ಅದೇ ಹೊತ್ತಿಗೆ ಯಾರನ್ನಾದರೂ ಕನ್ನಡಕ ಹಾಕಿಸಿ ಅಲ್ಲಿ ಕೂರಿಸಿ ಫೋನಿನಲ್ಲಿ ಒಂದು ಫೋಟೋ ತೆಗೆದು ನೋಡಿ, ಎಷ್ಟು ತಿರುಗಿಸಬೇಕು ಅಂತ ಗೊತ್ತಾಗುತ್ತದೆ.